ಟ್ಯೂಷನ್ನಿಗೆ ಹಾಕೋದಾ, ಮನೆಯಲ್ಲೇ ಕೂರಿಸೋದಾ?

ಕೋಲಾರದಲ್ಲಿ ಒಂದನೇ ಕ್ಲಾಸಿನ ಮಗುವಿಗೂ ಟ್ಯೂಷನ್ ಹುಡುಕುವ ಅಪ್ಪ-ಅಮ್ಮಂದಿರಿದ್ದಾರೆ. ಕೇಂದ್ರದ 2020ರ ಸ್ಕೂಲ್ ಬ್ಯಾಗ್ ನೀತಿ ಎರಡನೇ ತರಗತಿವರೆಗೆ ಹೋಂವರ್ಕೇ ಬೇಡ ಅನ್ನುತ್ತೆ. ಡೈರಿ ತೆರೆದರೆ ಮಾತ್ರ ಎರಡು ಪುಟ ಕಾಪಿರೈಟಿಂಗ್!

ಟ್ಯೂಷನ್ನಿನ ಲಾಭ ಒಂದೇ: ಹೋಂವರ್ಕ್ ಮುಗಿದಿರುತ್ತೆ, ಮನೆಯಲ್ಲಿ ಕೂಗಾಟ ಇರಲ್ಲ. ಹದಿನೈದು ಮಕ್ಕಳ ನಡುವೆ ನಿಮ್ಮ ಮಗು ಓದಿ ಬರೆಯಿತೋ, ನೋಡಿ ಬರೆಯಿತೋ, ಗೊತ್ತಾಗಲ್ಲ. ನಮ್ಮವಳ ನೋಟ್‌ಬುಕ್ ಅಚ್ಚುಕಟ್ಟಾಗಿತ್ತು. ‘ಅಕ್ಕ’ದಲ್ಲಿ ಕ-ಒತ್ತು ತೋರಿಸಿ ಇದೇನಮ್ಮಾ ಅಂದರೆ, “ಬಾಲ” ಅಂದಳು.

ಮನೆಯಲ್ಲಾದರೆ ಆ ಬಾಲ ತಕ್ಷಣ ಸಿಕ್ಕಿಬೀಳುತ್ತೆ. ಇಪ್ಪತ್ತು ನಿಮಿಷ ಸಾಕು. ಕಾಗುಣಿತ ಬರೀ ರಾಗವಾಗಿ ಒಪ್ಪಿಸಿದರೆ ಸಾಲದು. ‘ಕಿ’ ಎಲ್ಲಿದೆ ತೋರಿಸು ಅನ್ನಿ, ತಡಕಾಡುತ್ತಾರೆ. ಕೂಡೋ ಲೆಕ್ಕಕ್ಕೆ ಹುಣಸೆಬೀಜ ಹತ್ತತ್ತರ ಗುಡ್ಡೆ ಮಾಡಿಸಿ: ಎಂಟಕ್ಕೆ ಐದು ಸೇರಿಸಿದಾಗ ಒಂದು ಗುಡ್ಡೆ ತುಂಬಿ ಮೂರು ಉಳಿಯುತ್ತೆ. ‘ದಶಕ’ ಅಂದರೇನು ಅಂತ ಕೈಗೇ ತಿಳಿಯುತ್ತೆ. ಟೊಮೆಟೊ ಮಂಡಿಗೆ ಹೋಗುವ ಮನೆಯಾದರೆ ಹದಿನೈದರ ಮಗ್ಗಿಗೆ 15 ಕೆ.ಜಿ. ಬಾಕ್ಸೇ ಇದೆ.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡವೋ ಇಂಗ್ಲಿಷೋ? ನಮ್ಮ ಕಡೆ ಇದು ಮಾಮೂಲು. ತೆಲುಗಿನಲ್ಲೇ ಅರ್ಥ ಹೇಳಿ, ಕನ್ನಡದಲ್ಲಿ ಓದಿಸಿ. ಮಗು ಗೊಂದಲಕ್ಕೇನೂ ಬೀಳಲ್ಲ.

ಇಬ್ಬರೂ ದುಡಿದು ರಾತ್ರಿ ಎಂಟಕ್ಕೆ ಬರೋರಾದರೆ ಟ್ಯೂಷನ್ನಿಗೇ ಹಾಕಿ, ತಪ್ಪಿಲ್ಲ. ಮಲಗೋ ಮುಂಚೆ ಐದು ಸಾಲು ಗಟ್ಟಿಯಾಗಿ ಓದಿಸಿ ನೋಡಿ. ಸಿಟ್ಟು ಮೂಗಿನ ತುದಿಯಲ್ಲಿರೋ ಅಪ್ಪಂದಿರು ಲೆಕ್ಕಕ್ಕೆ ಕೂರಲೇಬೇಡಿ. ಅಜ್ಜಿ ಕೂರಲಿ.