ಮಡಿಕೇರಿಯಲ್ಲಿ ‘ಲೋಕಲ್ ಕ್ರಾಫ್ಟ್ ಬಿಯರ್’ ಅಂದ್ರೆ ಒಂದು ಸಲ ಅಡುಗೆಮನೆ ಕಡೆ ನೋಡಿ

ಕಳೆದ ತಿಂಗಳು ನಾನೂ ನನ್ನ ಗೆಳೆಯನೂ ಎರಡು ದಿನಕ್ಕೆ ಮಡಿಕೇರಿಗೆ ಹೋಗಿದ್ದೆವು. ಈ ಸಲ ಅಬ್ಬಿ ಫಾಲ್ಸ್, ರಾಜಾಸೀಟು ಯಾವುದೂ ಬೇಡ, ಊರೊಳಗಿನ ಬಾರುಗಳನ್ನು ನಡೆದುಕೊಂಡೇ ಸುತ್ತೋಣ ಅಂತ ಮಾತಾಡಿಕೊಂಡಿದ್ದೆವು. ಮೊಬೈಲಿನಲ್ಲಿ ಒಂದು ರೀಲ್ಸ್ ಬೇರೆ ಕಣ್ಣಿಗೆ ಬಿದ್ದಿತ್ತು. ‘ಕೂರ್ಗ್ ಕಾಫಿ ಸ್ಟೌಟ್, ನಮ್ಮ ತೋಟದ ಕಾಫಿ, ನಮ್ಮದೇ ಬಿಯರ್’ ಅಂತ. ಸ್ಟೌಟ್ ಅಂದ್ರೆ ಕಪ್ಪು ಬಿಯರ್. ಕ್ರಾಫ್ಟ್ ಬಿಯರ್ ಅಂದ್ರೆ ದೊಡ್ಡ ಕಂಪನಿಯದ್ದಲ್ಲ, ಸಣ್ಣ ಪ್ರಮಾಣದಲ್ಲಿ ತಾವೇ ತಯಾರಿಸಿದ್ದು. ಕಾಫಿ ನಾಡಲ್ಲಿ ಕಾಫಿ ಬಿಯರ್! ನಾವು ಅಷ್ಟಕ್ಕೇ ಬಿದ್ದೆವು.

ಬಾರಿನ ಹೆಸರು ಹೇಳುವುದಿಲ್ಲ. ಮರದ ಮೇಜು, ಹಳದಿ ಬಲ್ಬು, ಗೋಡೆ ಮೇಲೆ ಒಡಿಕತ್ತಿ, ಕೌಂಟರ್ ಹಿಂದೆ ಹೊಳೆಯುವ ನಾಲ್ಕು ಬಿಯರ್ ನಲ್ಲಿ. ನೋಡೋಕೆ ಚೆನ್ನಾಗಿಯೇ ಇತ್ತು. ನಾಲ್ಕು ಪುಟ್ಟ ಗ್ಲಾಸಿನ ಸ್ಯಾಂಪ್ಲರ್‌ಗೆ 600 ರೂಪಾಯಿ. ಆಮೇಲೆ ಕಾಫಿ ಸ್ಟೌಟ್ ಎರಡು ಮಗ್, ತಲಾ 450. ಒಂದೇ ಒಂದು ವಿಚಿತ್ರ: ನಾವು ಅಲ್ಲಿದ್ದಷ್ಟು ಹೊತ್ತೂ ಆ ನಲ್ಲಿಗಳನ್ನು ಯಾರೂ ಮುಟ್ಟಲಿಲ್ಲ. ಗ್ಲಾಸುಗಳೆಲ್ಲ ಒಳಗಿನಿಂದಲೇ ತುಂಬಿ ಬರುತ್ತಿದ್ದವು.

ಸ್ಟೌಟ್ ಬಿಯರಿಗೆ ಕಾಫಿ ವಾಸನೆ ಬರಲು ಕಾಫಿಯೇ ಬೇಕು ಅಂತೇನಿಲ್ಲ. ಬಾರ್ಲಿಯನ್ನು ಕಪ್ಪಾಗುವವರೆಗೆ ಹುರಿದರೆ ಆ ಘಮ ತಾನಾಗಿ ಬರುತ್ತದೆ. ಕೆಲವರು ಮೇಲಿಂದ ಕಾಫಿಯನ್ನೂ ಸೇರಿಸುತ್ತಾರೆ, ಅದೂ ಸರಿಯೇ. ಆದರೆ ಇದರಲ್ಲಿ ನನ್ನ ಬಾಯಿಗೆ ಸಿಕ್ಕಿದ್ದು ಚಿಕೋರಿ. ದಿನಾ ಬೆಳಿಗ್ಗೆ ಫಿಲ್ಟರ್ ಕಾಫಿ ಕುಡಿಯುವವರಿಗೆ ಆ ರುಚಿ ತಪ್ಪುವುದೇ ಇಲ್ಲ. ನೊರೆ ಒಂದು ನಿಮಿಷ ಕೂಡ ನಿಲ್ಲಲಿಲ್ಲ. ಗೆಳೆಯ ಮಾತ್ರ ‘ಎಂಥಾ ಅರೋಮಾ ಗುರೂ’ ಅಂತ ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದ.

ಕೈ ತೊಳೆಯಲು ಹಿಂದೆ ಹೋದೆ. ಅಡುಗೆಮನೆ ಬಾಗಿಲು ಅರ್ಧ ತೆರೆದಿತ್ತು. ಒಬ್ಬ ಹುಡುಗ 650 ಎಂಎಲ್‌ನ ಮಾಮೂಲಿ ಸ್ಟ್ರಾಂಗ್ ಬಿಯರ್ ಬಾಟಲಿಯನ್ನು ಜಗ್ಗಿಗೆ ಸುರಿದ. ಪಕ್ಕದಲ್ಲಿ ಸ್ಟೀಲಿನ ಕಾಫಿ ಫಿಲ್ಟರ್. ಅದರಿಂದ ಒಂದು ಸೌಟು ಡಿಕಾಕ್ಷನ್, ಮೇಲೆ ಯಾವುದೋ ಸಿರಪ್ಪು. ಚಮಚದಲ್ಲಿ ತಿರುಗಿಸಿದ. ನನ್ನನ್ನು ನೋಡಿ ನಕ್ಕ. ನಾನೂ ನಕ್ಕೆ, ಇನ್ನೇನು ಮಾಡೋದು.

ಬೆಂಗಳೂರಿನ ಮೈಕ್ರೋಬ್ರೂವರಿಗೆ, ಅಂದ್ರೆ ಅಲ್ಲೇ ಬಿಯರ್ ತಯಾರಿಸಿ ಕೊಡುವ ಬಾರಿಗೆ, ಹೋದವರಿಗೆ ಗೊತ್ತಿರುತ್ತದೆ, ಬಿಯರ್ ಕಾಯಿಸುವ, ಹುಳಿ ಬರಿಸುವ ದೊಡ್ಡ ಟ್ಯಾಂಕುಗಳನ್ನು ಗಾಜಿನ ಆಚೆ ಎಲ್ಲರಿಗೂ ಕಾಣುವ ಹಾಗೆ ಇಟ್ಟಿರುತ್ತಾರೆ. ಕ್ರಾಫ್ಟ್ ಬಿಯರ್ ಅನ್ನುವವರನ್ನು ‘ಟ್ಯಾಂಕ್ ಎಲ್ಲಿದೆ?’ ಅಂತ ಕೇಳಿ. ಬಾಟಲಿಯದ್ದು ಅಂದ್ರೆ ಬಾಟಲಿಯನ್ನೇ ಮೇಜಿಗೆ ತರಿಸಿ, ಮುಚ್ಚಳ ನಿಮ್ಮೆದುರೇ ತೆಗೆಯಲಿ. ಎಷ್ಟು ಪರ್ಸೆಂಟ್ ಆಲ್ಕೋಹಾಲ್ ಅಂತ ಲೇಬಲ್ ಮೇಲೆ ಇರಲೇಬೇಕು. ಜಗ್ಗಿನಲ್ಲಿ ಬಂದದ್ದಕ್ಕೆ ಆ ಲೆಕ್ಕವೇ ಇಲ್ಲ. ಮೈಲ್ಡ್ ಅಂದುಕೊಂಡು ಸ್ಟ್ರಾಂಗ್ ಕುಡಿದಿರುತ್ತೀರಿ.

ಆಮೇಲೆ ಬಿಲ್ ಬಂತು. ಬಿಯರ್ 1,500, ಎರಡು ಪ್ಲೇಟ್ ಪಂದಿ ಕರಿ-ಕಡಂಬುಟ್ಟು 700, ಸೇರಿ 2,200. ಅದಕ್ಕೆ ಶೇ. 10 ಸರ್ವಿಸ್ ಚಾರ್ಜ್. ಅಷ್ಟರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 2,856. ವೈನ್ ಶಾಪಿಗಿಂತ ಬಾರಲ್ಲಿ ರೇಟು ಜಾಸ್ತಿ ಇರುತ್ತೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮದ್ಯ ಜಿಎಸ್‌ಟಿಗೆ ಬರುವುದೇ ಇಲ್ಲ. ಅಂಥ ಬಾರಿನ ಊಟಕ್ಕೆ ಇರುವುದು ಶೇ. 5, ಅಂದ್ರೆ 35 ರೂಪಾಯಿ. ಸರ್ವಿಸ್ ಚಾರ್ಜನ್ನು ಕೇಳದೆ ಬಿಲ್ಲಿಗೆ ಸೇರಿಸಬಾರದು ಅಂತ 2022ರಲ್ಲೇ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿದೆ. ಮ್ಯಾನೇಜರ್ ‘ಸಿಸ್ಟಮ್ಮೇ ಹಾಕುತ್ತೆ ಸರ್’ ಅಂದರು. 1915ಕ್ಕೆ, ಅಂದ್ರೆ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡ್ತೀನಿ ಅಂದ ಮೇಲೆ ಸಿಸ್ಟಮ್ಮು 220 ರೂಪಾಯಿ ಬಿಟ್ಟಿತು. ಜಿಎಸ್‌ಟಿ ಮಾತ್ರ ಬಿಡಲಿಲ್ಲ. ಹೊರಗೆ ಮಳೆ, ಹೋಂಸ್ಟೇಗೆ ಆಟೋ ಸಿಗುವುದು ಕಷ್ಟ. ಕೊಟ್ಟು ಬಂದೆವು.

ಹೋಂಸ್ಟೇ ಆಂಟಿಗೆ ಕಥೆ ಹೇಳಿದೆ. ‘ಏನಪ್ಪಾ ನೀವು, ಬಿಯರಿಗೆ ಕಾಫಿ ಹಾಕಿ ಕುಡಿಯೋಕೆ ಅಷ್ಟು ದೂರದಿಂದ ಬಂದ್ರಾ? ನಮ್ಮವರು ಮಿಲಿಟರಿ ಕ್ಯಾಂಟೀನ್ ರಮ್ಮಿಗೆ ಬಿಸಿನೀರು ಹಾಕ್ತಾರೆ, ಮುಗೀತು’ ಅಂದರು. ಮರುದಿನ ಅವರು ಮಾಡಿದ ಪಂದಿ ಕರಿ ತಿಂದೆ. ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಾಕಿದ್ದು, ಕಪ್ಪಗೆ, ಗಟ್ಟಿಯಾಗಿ. ಬಾರಿನದ್ದು ಕೆಂಪಗಿತ್ತು, ವಿನೆಗರ್ ಹೊಡೆಯುತ್ತಿತ್ತು. ಅಲ್ಲಿಗೆ ಅದೂ ಡೂಪ್ಲಿಕೇಟ್ ಅಂತ ಗೊತ್ತಾಯ್ತು.

ಇಷ್ಟಕ್ಕೇ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಹೊರಡುವಾಗ ಜೇನು, ಏಲಕ್ಕಿ, ಚಾಕೊಲೇಟ್ ಮಾರುವ ಒಂದು ಅಂಗಡಿಯಲ್ಲಿ ‘ಹೋಂ ಮೇಡ್ ವೈನ್’ ಕೊಂಡೆವು. ದ್ರಾಕ್ಷಿಯದ್ದು ಒಂದು, ಗಾಂಧಾರಿ ಮೆಣಸಿನದ್ದು ಒಂದು, ತಲಾ 350. ಕೊಡಗಿನ ಮನೆಗಳಲ್ಲಿ ವೈನ್ ಮಾಡುವುದು ಹಳೇ ರೂಢಿ, ಚೆನ್ನಾಗಿಯೂ ಮಾಡುತ್ತಾರೆ. ಆದರೆ ಲೈಸೆನ್ಸ್ ಇಲ್ಲದೆ ಮಾರುವ ಹಾಗಿಲ್ಲ. ನಮಗೆ ಸಿಕ್ಕ ಬಾಟಲಿಗೆ ಲೇಬಲ್ ಇಲ್ಲ, ತಾರೀಕಿಲ್ಲ, ಮುಚ್ಚಳಕ್ಕೆ ಸೆಲ್ಲೋಟೇಪ್ ಸುತ್ತಿತ್ತು.

ಸುಂಟಿಕೊಪ್ಪ ದಾಟಿದ ಮೇಲೆ ಹಿಂದಿನ ಸೀಟಿನಿಂದ ‘ಡಬ್’ ಅಂತ ಸದ್ದು. ಟೈರ್ ಹೋಯ್ತು ಅಂತ ಗಾಡಿ ನಿಲ್ಲಿಸಿದೆ. ಟೈರಲ್ಲ, ದ್ರಾಕ್ಷಿ ವೈನು. ಒಳಗೆ ಇನ್ನೂ ಹುಳಿ ಬರುತ್ತಲೇ ಇತ್ತು. ಸಕ್ಕರೆ ಉಳಿದಿದೆ, ಯೀಸ್ಟು ಸತ್ತಿಲ್ಲ, ಕಾರು ಬಿಸಿಲಲ್ಲಿ ನಿಂತಿತ್ತು, ಗ್ಯಾಸು ಕಟ್ಟಿಕೊಂಡು ಮುಚ್ಚಳ ಹಾರಿದೆ. ಪುಣ್ಯಕ್ಕೆ ಗಾಜು ಒಡೆಯಲಿಲ್ಲ. ಸೀಟು, ಬ್ಯಾಗು, ಗೆಳೆಯನ ಬಿಳಿ ಶರ್ಟು ಎಲ್ಲ ನೇರಳೆ.

ಕುಶಾಲನಗರದ ಹತ್ತಿರ ಪೊಲೀಸರು ಕೈ ತೋರಿಸಿದರು. ಕಿಟಕಿ ಇಳಿಸಿದ್ದೇ ತಡ, ಅವರು ಎರಡು ಹೆಜ್ಜೆ ಹಿಂದೆ ಸರಿದರು. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು, ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಜೈಲೂ ಆಗಬಹುದು. ನಾನು ಬೆಳಿಗ್ಗೆಯಿಂದ ಕಾಫಿ ಬಿಟ್ಟು ಬೇರೇನೂ ಕುಡಿದಿರಲಿಲ್ಲ, ಆದರೂ ಕೈ ನಡುಗಿತು. ‘ಸರ್, ಕುಡಿದಿರೋದು ನಾನಲ್ಲ, ಸೀಟು’ ಅಂದೆ. ಊದಿಸಿದರು. ಸೊನ್ನೆ ಬಂತು. ಇನ್ನೊಮ್ಮೆ ಊದಿಸಿದರು. ಮತ್ತೂ ಸೊನ್ನೆ. ಉಳಿದ ಗಾಂಧಾರಿ ಬಾಟಲಿಯನ್ನು ಅಲ್ಲೇ ರಸ್ತೆ ಬದಿಯಲ್ಲಿ, ಅವರ ಎದುರೇ ಚೆಲ್ಲಿದೆ.

ಸೀಟಿನ ಕಲೆ ಇನ್ನೂ ಹೋಗಿಲ್ಲ. ವಾಟರ್ ಸರ್ವಿಸಿನ ಹುಡುಗ ಮೂರು ಸಲ ತಿಕ್ಕಿ ಕೇಳಿದ, ‘ನೇರಳೆ ಹಣ್ಣಾ ಸರ್?’ ಹೌದು ಅಂದೆ.