ಮನೆಯಲ್ಲೇ ಅಚ್ಚು ಹಾಕಿದ ಕರಾಟೆ ಮತ್ತು ಗರಡಿ ಟೀ ಶರ್ಟ್‌ಗಳು: ಬೆವರಿಗೂ ಒಗೆತಕ್ಕೂ ನಿಲ್ಲುವ ವಿಧಾನ ಯಾವುದು?

ಕರಾಟೆ ತರಗತಿಗಾಗಲಿ ಗರಡಿ ಮನೆಗಾಗಲಿ ಟೀ ಶರ್ಟ್ ಮಾಡಿಸಬೇಕೆಂದು ಅಂಗಡಿಗೆ ಹೋದರೆ ಅವರು ಮೊದಲು ಕೇಳುವುದು ‘ಎಷ್ಟು ಪೀಸ್?’ ಎಂದು. ನೂರಾರು ಶರ್ಟ್‌ಗಳಿದ್ದರೆ ಒಳ್ಳೆಯ ಸ್ಕ್ರೀನ್ ಪ್ರಿಂಟಿಂಗ್ (ಜಾಲರಿಯ ಮೂಲಕ ಬಣ್ಣ ಇಳಿಸುವ ಮುದ್ರಣ) ಮಾಡಿಕೊಡುತ್ತಾರೆ. ಇಪ್ಪತ್ತು ಮೂವತ್ತು ಮಕ್ಕಳಿರುವ ಸಣ್ಣ ತರಗತಿ ಎಂದರೆ ಬಿಸಿಯಲ್ಲಿ ಅಂಟಿಸಿದ ಸ್ಟಿಕ್ಕರ್‌ನಲ್ಲೇ ಕೆಲಸ ಮುಗಿಸಿಬಿಡುತ್ತಾರೆ. ಮೈಸೂರಿನ ನಮ್ಮ ಬಡಾವಣೆಯ ಕರಾಟೆ ಮಕ್ಕಳಿಗೂ ಸಮೀಪದ ಗರಡಿಯ ಹುಡುಗರಿಗೂ ನಾವೇ ವಿನ್ಯಾಸ ಮಾಡಿ, ಮನೆಯಲ್ಲೇ ಮುದ್ರಿಸಿದ ಅನುಭವದ ಮೇಲೆ, ಇಂದು ಮಾರುಕಟ್ಟೆಯಲ್ಲಿ ಸಿಗುವ ಸಾಮಗ್ರಿಗಳನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ಹೊಸದಾಗಿದ್ದಾಗ ಎಲ್ಲ ಮುದ್ರಣವೂ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಬೆವರು, ಹಿಡಿತ, ಎಳೆತ ಮತ್ತು ವಾರಕ್ಕೆ ಹಲವು ಬಾರಿಯ ಒಗೆತವನ್ನು ಅದು ತಡೆದುಕೊಳ್ಳುತ್ತದೆಯೇ ಎಂಬುದನ್ನೇ ಮುಖ್ಯವಾಗಿ ನೋಡಿದ್ದೇನೆ. ಈ ಪರೀಕ್ಷೆಯಲ್ಲಿ ಗೆದ್ದದ್ದು ಹತ್ತಿ ಬಟ್ಟೆಯ ಮೇಲೆ ನೀರು ಆಧಾರಿತ ಬಣ್ಣದಿಂದ ಮಾಡಿದ ಕೈ ಸ್ಕ್ರೀನ್ ಪ್ರಿಂಟ್. ಉಳಿದವುಗಳಿಗೂ ಅವುಗಳದೇ ಜಾಗವಿದೆ, ಆದರೆ ಅದು ಚಿಕ್ಕ ಜಾಗ.

ಮೊದಲು ಬಟ್ಟೆಯ ವಿಷಯ. ತಿರುಪ್ಪೂರಿನಿಂದ ಬರುವ ಸಾದಾ ಟೀ ಶರ್ಟ್‌ಗಳು ನಮ್ಮ ಊರುಗಳ ಸಗಟು ಅಂಗಡಿಗಳಲ್ಲೂ ಬೆಂಗಳೂರಿನ ಚಿಕ್ಕಪೇಟೆಯಲ್ಲೂ ಸುಲಭವಾಗಿ ಸಿಗುತ್ತವೆ. ಅಭ್ಯಾಸಕ್ಕೆ 180 ಜಿಎಸ್ಎಂ (ಚದರ ಮೀಟರಿಗೆ 180 ಗ್ರಾಂ) ತೂಕದ, ಬಯೋ ವಾಶ್ ಆದ, ಅಂದರೆ ಮೇಲಿನ ನವಿರು ಎಳೆ ತೆಗೆದು ನಯಗೊಳಿಸಿದ ಹತ್ತಿ ಬಟ್ಟೆ ತಕ್ಕದ್ದು. 140ರ ಆಸುಪಾಸಿನ ತೆಳು ಬಟ್ಟೆ ಬೇಸಿಗೆಗೆ ಹಿತವೆನಿಸಿದರೂ ಕಾಲರ್ ಹಿಡಿದು ಎಳೆದಾಗ ಹೊಲಿಗೆ ಬಿಡುತ್ತದೆ. ಇಲ್ಲಿ ಒಂದು ದೂರು ಹೇಳಲೇಬೇಕು. ನಾವು ಕೊಂಡ ಒಂದು ಗಂಟಿನ ಮೇಲೆ ನೂರಕ್ಕೆ ನೂರು ಹತ್ತಿ ಎಂಬ ಚೀಟಿ ಇತ್ತು, ಆದರೆ ಬಟ್ಟೆಯಲ್ಲಿ ಪಾಲಿಯೆಸ್ಟರ್ ಬೆರೆತಿತ್ತು. ಇದನ್ನು ಪತ್ತೆ ಹಚ್ಚಲು ಪ್ರಯೋಗಾಲಯ ಬೇಕಿಲ್ಲ. ಅಂಚಿನಿಂದ ಒಂದೆರಡು ಎಳೆ ಬಿಡಿಸಿ ಕಡ್ಡಿ ಗೀರಿ ಸುಟ್ಟರೆ ಹತ್ತಿ ಕಾಗದದ ವಾಸನೆ ಬೀರುತ್ತಾ ಮೃದುವಾದ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ತಣಿದ ಮೇಲೆ ಬೆರಳಿಗೆ ಒತ್ತುವ ಗಟ್ಟಿ ಗುಂಡಾಗಿ ಉಳಿಯುತ್ತದೆ. ಯಾವ ಬಟ್ಟೆಯಾದರೂ ಮುದ್ರಣಕ್ಕೆ ಮುಂಚೆ ಒಮ್ಮೆ ಒಗೆದು ಒಣಗಿಸಬೇಕು. ಹತ್ತಿ ಮೊದಲ ಒಗೆತದಲ್ಲಿ ಕುಗ್ಗುತ್ತದೆ, ಮುದ್ರಣವಾದ ಮೇಲೆ ಕುಗ್ಗಿದರೆ ಚಿತ್ರದ ಸುತ್ತ ನೆರಿಗೆ ಬೀಳುತ್ತದೆ.

ವಿನ್ಯಾಸದ ವಿಷಯಕ್ಕೆ ಬಂದರೆ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಡ್ರ್ಯಾಗನ್, ನಿಂಜಾ ಮತ್ತು ಬೆಂಕಿ ಉಗುಳುವ ಮುಷ್ಟಿಗಳನ್ನು ಬಿಟ್ಟುಬಿಡುವುದೇ ಒಳ್ಳೆಯದೆಂದು ನನ್ನ ದೃಢವಾದ ಅಭಿಪ್ರಾಯ. ಅವು ಯಾವ ತರಗತಿಗೂ ಸೇರಿದವಲ್ಲ, ಸೂಕ್ಷ್ಮ ನೆರಳುಗಳಿಂದ ತುಂಬಿರುವುದರಿಂದ ಮನೆಯ ಮುದ್ರಣಕ್ಕೂ ಒಗ್ಗುವುದಿಲ್ಲ. ಕರಾಟೆಯ ಶೋಟೊಕಾನ್ ಶೈಲಿಯ ಪ್ರಸಿದ್ಧ ಹುಲಿಯನ್ನು ಬರೆದವರು ಜಪಾನಿನ ಚಿತ್ರಕಾರ ಹೋಆನ್ ಕೊಸುಗಿ. ಆ ಹುಲಿಯನ್ನು ಹಲವಾರು ಕರಾಟೆ ಸಂಸ್ಥೆಗಳು ತಮ್ಮ ಲಾಂಛನಗಳಲ್ಲಿ ಬಳಸಿಕೊಂಡಿರುವುದರಿಂದ ಕಂಡಲ್ಲಿಂದ ಎತ್ತಿಕೊಂಡು ಮುದ್ರಿಸುವುದು ಸರಿಯಲ್ಲ. ಸಂಸ್ಥೆಯ ಲಾಂಛನ ಬೇಕೇ ಬೇಕೆಂದರೆ ಗುರುಗಳ ಮೂಲಕ ಅನುಮತಿ ಪಡೆದೇ ಬಳಸಬೇಕು.

ನಾವು ಆರಿಸಿಕೊಂಡದ್ದು ಅದಕ್ಕಿಂತ ಸರಳವಾದ ಚಿತ್ರ. ಶೋಟೊಕಾನ್‌ನಲ್ಲಿ ಮಕ್ಕಳು ಆರಂಭದಲ್ಲಿ ಕಲಿಯುವ ಹೈಯಾನ್ ಶೋದಾನ್ ಎಂಬ ಕಟಾದಲ್ಲಿ (ಒಬ್ಬರೇ ಮಾಡುವ ಕ್ರಮಬದ್ಧ ಚಲನೆಗಳ ಸರಣಿ) 21 ಚಲನೆಗಳಿವೆ. ಆ ಚಲನೆಗಳುದ್ದಕ್ಕೂ ಪಾದಗಳು ನೆಲದ ಮೇಲೆ ಹಾದುಹೋಗುವ ರೇಖೆಗೆ ಎಂಬುಸೆನ್ ಎನ್ನುತ್ತಾರೆ. ನಡುವೆ ಒಂದು ನೇರ ಗೆರೆ, ಅದರ ಎರಡು ತುದಿಗಳಲ್ಲೂ ಒಂದೊಂದು ಅಡ್ಡ ಗೆರೆ: ಇಷ್ಟೇ ಅದರ ಆಕಾರ. ಈ ಮೂರು ಗೆರೆಗಳನ್ನು ಕುಂಚದಲ್ಲಿ ಬರೆದು, ಎಡ ಎದೆಯ ಮೇಲೆ 8 ಸೆಂಟಿಮೀಟರ್ ಎತ್ತರಕ್ಕೆ ಕೂರಿಸಿದೆವು. ಹೊರಗಿನವರಿಗೆ ಅದೊಂದು ಅಲಂಕಾರವಷ್ಟೇ. ಹಳದಿ ಬೆಲ್ಟಿನ ಮಗುವಿಗೆ ಮಾತ್ರ ಅದು ತಾನು ನಡೆದ ದಾರಿಯೆಂದು ಕಂಡ ತಕ್ಷಣ ಗೊತ್ತಾಗುತ್ತದೆ. ಒಂದೇ ಬಣ್ಣ, ದಪ್ಪ ಗೆರೆ, ಸಣ್ಣ ಜಾಗ. ಮುದ್ರಣದ ದೃಷ್ಟಿಯಿಂದಲೂ ಇದಕ್ಕಿಂತ ಅನುಕೂಲವಾದ ವಿನ್ಯಾಸ ಸಿಗುವುದು ಕಷ್ಟ.

ಗರಡಿಯ ಹುಡುಗರು ಬಯಸಿದ್ದು ವಜ್ರಮುಷ್ಟಿಯನ್ನು. ವಿಜಯದಶಮಿಯಂದು ಮೈಸೂರು ಅರಮನೆಯ ಆವರಣದಲ್ಲಿ ಜಟ್ಟಿಗಳು ತಲೆ ಬೋಳಿಸಿಕೊಂಡು, ಬೆರಳುಗಳಿಗೆ ಮೊನೆಗಳುಳ್ಳ ಆಯುಧ ತೊಟ್ಟು ಕಾದುವ, ತಲೆಯಲ್ಲಿ ರಕ್ತ ಕಾಣಿಸಿದೊಡನೆ ನಿಲ್ಲುವ ಈ ಕಾಳಗವನ್ನು ನೋಡಿದವರಿಗೆ ಅದರ ಗಾಂಭೀರ್ಯ ಗೊತ್ತು. ಅದು ಜಟ್ಟಿ ಮನೆತನಗಳ ಪರಂಪರೆಯಾದ್ದರಿಂದ ಚಿತ್ರದಲ್ಲಿ ರಕ್ತವಾಗಲಿ ವಿಕಾರ ಮುಖವಾಗಲಿ ಇರಬಾರದೆಂದು ಮೊದಲೇ ನಿರ್ಧರಿಸಿದೆವು. ಒಬ್ಬ ಪೈಲ್ವಾನನ ಮುಚ್ಚಿದ ಮುಷ್ಟಿಯನ್ನು ಪಕ್ಕದಿಂದ ಬೆಳಕು ಬೀಳುವಂತೆ ಮೊಬೈಲಿನಲ್ಲಿ ಚಿತ್ರ ತೆಗೆದು, ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಕಪ್ಪು ಬಿಳುಪು ಎರಡೇ ಛಾಯೆಗಳಿಗೆ ಇಳಿಸಿ, ಗೆಣ್ಣುಗಳ ಮೇಲೆ ಆಯುಧದ ಮೊನೆಗಳನ್ನು ಕೈಯಿಂದ ಬರೆದೆವು. ಬಣ್ಣ ಗರಡಿಯ ಕೆಮ್ಮಣ್ಣಿನದು. ಬೆನ್ನಿನ ಚಿತ್ರ 28 ಸೆಂಟಿಮೀಟರ್ ಅಗಲ ಬೇಕಾಗಿತ್ತು. ಮನೆಯ ಮುದ್ರಣಯಂತ್ರದ ಎ4 ಹಾಳೆ 21 ಸೆಂಟಿಮೀಟರ್ ಮಾತ್ರ ಅಗಲವಿರುವುದರಿಂದ ಎರಡು ಪಾರದರ್ಶಕ ಹಾಳೆಗಳನ್ನು ಜೋಡಿಸಬೇಕಾಯಿತು.

ಅಕ್ಷರಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ‘ವಜ್ರಮುಷ್ಟಿ’ ಎಂಬ ಪದವನ್ನು ದೊಡ್ಡದಾಗಿ ಮುದ್ರಿಸಿದಾಗ ‘ಜ್ರ’ದ ಕೆಳಗಿನ ರಕಾರ ಒತ್ತು ಮತ್ತು ‘ಷ್ಟಿ’ಯ ಟಕಾರ ಒತ್ತು ಮೇಲಿನ ಅಕ್ಷರಕ್ಕೆ ಅಂಟಿಕೊಂಡು ಒಂದೇ ಮುದ್ದೆಯಾಗಿ ಕಾಣುವ ಸಾಧ್ಯತೆ ಇದೆ. ಯೂನಿಕೋಡ್ ಅಕ್ಷರಶೈಲಿಗಳಲ್ಲಿ ‘ಅನೇಕ್ ಕನ್ನಡ’ ಮತ್ತು ‘ಬಲೂ ತಮ್ಮ’ ಎರಡೂ ದಪ್ಪವಾಗಿದ್ದರೂ ಒಳಗಿನ ಖಾಲಿ ಜಾಗವನ್ನು ತೆರೆದಿಟ್ಟಿರುವುದರಿಂದ ಬಟ್ಟೆಯ ಮೇಲೆ ಸ್ಪಷ್ಟವಾಗಿ ಮೂಡುತ್ತವೆ. ಪದವನ್ನು ಬರೆದ ಮೇಲೆ ಅದನ್ನು ರೇಖಾಚಿತ್ರವಾಗಿ ಪರಿವರ್ತಿಸಿ, ಒಂದರ ಮೇಲೊಂದು ಹಾದುಹೋಗುವ ಭಾಗಗಳನ್ನು ಯೂನಿಯನ್ ಆಜ್ಞೆಯಿಂದ ಒಂದುಗೂಡಿಸುವುದು ಅಗತ್ಯ. ಇದನ್ನು ಬಿಟ್ಟರೆ ವಿನೈಲ್ ಹಾಳೆ ಕತ್ತರಿಸುವ ಯಂತ್ರ ಒತ್ತಕ್ಷರದ ನಡುವೆಯೇ ಬ್ಲೇಡು ಹಾಯಿಸುತ್ತದೆ. ಜಪಾನಿ ಅಕ್ಷರ ಬಳಸುವವರಿಗೂ ಒಂದು ಸಣ್ಣ ಪರೀಕ್ಷೆ ಇದೆ: ಕರಾಟೆ ಎಂಬುದರ ಎರಡನೆಯ ಅಕ್ಷರದಲ್ಲಿ (手) ನಡುವಿನ ಉದ್ದ ಗೆರೆಯ ಕೆಳತುದಿಯ ಕೊಕ್ಕೆ ಎಡಕ್ಕೆ ತಿರುಗಿರಬೇಕು. ಬಲಕ್ಕೆ ತಿರುಗಿದ್ದರೆ ಅಕ್ಷರ ತಿರುವುಮುರುವಾಗಿದೆ ಎಂದು ತಿಳಿಯಬೇಕು. ಅಂಥ ಟೀ ಶರ್ಟ್‌ಗಳನ್ನು ಪಂದ್ಯಾವಳಿಗಳಲ್ಲಿ ಕಂಡಾಗ ಮನಸ್ಸಿಗೆ ಬೇಸರವಾಗುತ್ತದೆ.

ಇಂಕ್‌ಜೆಟ್ ಟ್ರಾನ್ಸ್‌ಫರ್ ಕಾಗದವನ್ನು ಇಸ್ತ್ರಿಪೆಟ್ಟಿಗೆಯಿಂದ ಒತ್ತುವ ವಿಧಾನ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ದುರ್ಬಲ. ತಿಳಿಬಣ್ಣದ ಬಟ್ಟೆಯ ಕಾಗದಕ್ಕೆ ಚಿತ್ರವನ್ನು ತಿರುಗಿಸಿ ಮುದ್ರಿಸಬೇಕು, ಗಾಢ ಬಣ್ಣದ ಬಟ್ಟೆಯ ಕಾಗದಕ್ಕೆ ತಿರುಗಿಸಬಾರದು ಎಂಬುದನ್ನು ನೆನಪಿಟ್ಟರೆ ಸಾಕು, ಅರ್ಧ ಗಂಟೆಯಲ್ಲಿ ಶರ್ಟ್ ಸಿದ್ಧ. ಆದರೆ ಕೆಲವೇ ಒಗೆತಗಳಲ್ಲಿ ಚಿತ್ರದ ಮೇಲೆ ಬಿರುಕು ಮೂಡುತ್ತದೆ. ವಾರ್ಷಿಕ ಪ್ರದರ್ಶನದ ಒಂದು ದಿನಕ್ಕೆ ಇದು ಸಾಕು, ಅಭ್ಯಾಸಕ್ಕೆ ಖಂಡಿತ ಬೇಡ.

ಹೀಟ್ ಟ್ರಾನ್ಸ್‌ಫರ್ ವಿನೈಲ್ ಇದಕ್ಕಿಂತ ಬಹಳ ಮೇಲು. ಪಾಲಿಯುರೆಥೇನ್‌ನಿಂದ ಮಾಡಿದ ತೆಳುವಾದ ಹಾಳೆಯನ್ನು ಯಂತ್ರದಲ್ಲಿ ಕತ್ತರಿಸಿ, ಬೇಡವಾದ ಭಾಗವನ್ನು ಕೊಕ್ಕೆಯಿಂದ ಕಿತ್ತು, 150ರಿಂದ 160 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹತ್ತು ಹದಿನೈದು ಸೆಕೆಂಡು ಒತ್ತಿದರೆ ಅದು ಬಟ್ಟೆಗೆ ಗಟ್ಟಿಯಾಗಿ ಕೂರುತ್ತದೆ, ಅಂಚುಗಳು ಚೂಪಾಗಿ ಬರುತ್ತವೆ. ಪ್ರತಿ ಶರ್ಟಿಗೂ ಬೇರೆ ಬೇರೆ ಹೆಸರು ಬೇಕಾದಾಗ ಇದಕ್ಕೆ ಸಾಟಿಯಿಲ್ಲ, ನಾವು ಮಕ್ಕಳ ಹೆಸರುಗಳನ್ನು ತೋಳಿನ ಮೇಲೆ ಹಾಕಿದ್ದೂ ಇದರಿಂದಲೇ. ತೊಂದರೆ ಬರುವುದು ದೊಡ್ಡ ಚಿತ್ರಗಳಲ್ಲಿ. ವಿನೈಲ್ ಬೆವರನ್ನು ಹೊರಗೆ ಬಿಡುವುದಿಲ್ಲವಾದ್ದರಿಂದ ಬೆನ್ನ ತುಂಬ ಹಾಕಿದರೆ ಮಳೆಯಂಗಿ ತೊಟ್ಟು ದಂಡ ಹೊಡೆದಂತಾಗುತ್ತದೆ. ಜೋಡಿ ಹಿಡಿದು ಮ್ಯಾಟಿನ ಮೇಲೆ ಉರುಳುವಾಗ ಅಂಚುಗಳು ಉಜ್ಜಿಹೋಗಿ ಏಳತೊಡಗುತ್ತವೆ. ಕನ್ನಡದ ಒತ್ತಕ್ಷರಗಳ ಒಳಗಿನ ಪುಟ್ಟ ರಂಧ್ರಗಳನ್ನು ಕೊಕ್ಕೆಯಿಂದ ಕೀಳುವುದು ಬಹಳ ತಾಳ್ಮೆಯ ಕೆಲಸ, ಮಿಲಿಮೀಟರಿಗಿಂತ ತೆಳುವಾದ ಗೆರೆಗಳು ಆ ಕೆಲಸದಲ್ಲಿ ಕಿತ್ತುಬರುತ್ತವೆ.

ಸಬ್ಲಿಮೇಷನ್ ಬಗ್ಗೆ ಅಂಗಡಿಗಳು ಬಹಳ ಉತ್ಸಾಹದಿಂದ ಹೇಳುತ್ತವೆ. ಅದರ ಬಣ್ಣ ಸುಮಾರು 190ರಿಂದ 200 ಡಿಗ್ರಿಯಲ್ಲಿ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೇ ಸೇರಿಕೊಳ್ಳುವುದರಿಂದ ಮುದ್ರಣ ಕೈಗೆ ತಗುಲುವುದೂ ಇಲ್ಲ, ಸಿಪ್ಪೆ ಏಳುವುದೂ ಇಲ್ಲ. ಬ್ರೆಜಿಲಿಯನ್ ಜಿಯು ಜಿತ್ಸು ಆಟಗಾರರ ಮೈಗಂಟುವ ರ‍್ಯಾಶ್ ಗಾರ್ಡ್‌ಗಳಿಗೆ ಇದೇ ಸರಿಯಾದ ವಿಧಾನ. ಆದರೆ ಹತ್ತಿಯ ಮೇಲೆ ಇದು ನಿಲ್ಲುವುದಿಲ್ಲ, ಕಪ್ಪು ಬಟ್ಟೆಯ ಮೇಲೆ ಕಾಣುವುದಿಲ್ಲ. ಹತ್ತಿ ಶರ್ಟಿಗೂ ಆಗುತ್ತದೆ ಎಂದು ಹೇಳಿ ಯಾರಾದರೂ ಮಾರಿದರೆ ನಂಬಬೇಡಿ.

ಇನ್ನು ಸ್ಕ್ರೀನ್ ಪ್ರಿಂಟಿಂಗ್. ಮರದ ಚೌಕಟ್ಟು, ಅದಕ್ಕೆ ಬಿಗಿದ ಪಾಲಿಯೆಸ್ಟರ್ ಜಾಲರಿ, ಬೆಳಕಿಗೆ ಗಟ್ಟಿಯಾಗುವ ಎಮಲ್ಷನ್, ಬಣ್ಣ ಎಳೆಯುವ ರಬ್ಬರ್ ಪಟ್ಟಿಯಾದ ಸ್ಕ್ವೀಜಿ ಮತ್ತು ಬಣ್ಣ: ಇವಿಷ್ಟೇ ಸಾಮಗ್ರಿ. ಜಾಲರಿಯ ಆಯ್ಕೆಯಲ್ಲೇ ಅರ್ಧ ಫಲಿತಾಂಶವಿದೆ. ಸೆಂಟಿಮೀಟರಿಗೆ 43 ಎಳೆಗಳ, ಅಂದರೆ ಅಂಗುಲಕ್ಕೆ ಸುಮಾರು 110 ಎಳೆಗಳ ಜಾಲರಿ ಟೀ ಶರ್ಟಿಗೆ ಹೊಂದುತ್ತದೆ. ಕಾಗದಕ್ಕೆಂದು ಮಾಡಿದ ನಯವಾದ ಜಾಲರಿಯನ್ನು ಕೊಟ್ಟರೆ ಬಣ್ಣ ಸಾಕಷ್ಟು ಇಳಿಯದೆ ಚಿತ್ರ ಮಸುಕಾಗುತ್ತದೆ. ಅಂಗಡಿಯವರನ್ನು ಈ ಸಂಖ್ಯೆ ಕೇಳಿಯೇ ಕೊಳ್ಳಬೇಕು. ಹೆಸರಿಲ್ಲದ ಒಂದು ಸಿದ್ಧ ಕಿಟ್‌ನಲ್ಲಿ ನಮಗೆ ಬಂದ ಎಮಲ್ಷನ್ ಡಬ್ಬಿಯ ಮೇಲೆ ತಯಾರಿಕೆಯ ದಿನಾಂಕವೇ ಇರಲಿಲ್ಲ. ಹಚ್ಚಿದ ಪದರ ನೀರು ಸುರಿದೊಡನೆ ಪೂರ್ತಿ ಕಳಚಿ ಬಂತು. ಬಿಡಿಬಿಡಿಯಾಗಿ ಕೊಂಡ ಸಾಮಗ್ರಿ ಅದಕ್ಕಿಂತ ಅಗ್ಗವೂ ಆಯಿತು, ಉತ್ತಮವೂ ಆಯಿತು.

ಎಮಲ್ಷನ್ ಬಗ್ಗೆ ಒಂದು ಗಂಭೀರ ಮಾತು. ಇಂದಿಗೂ ಹಲವೆಡೆ ಎಮಲ್ಷನ್ ಬೆಳಕಿಗೆ ಗಟ್ಟಿಯಾಗುವಂತೆ ಮಾಡುವ ಅಗ್ಗದ ಸೆನ್ಸಿಟೈಸರ್ ಹೆಸರಿನಲ್ಲಿ ಕಿತ್ತಳೆ ಬಣ್ಣದ ಡೈಕ್ರೋಮೇಟ್ ದ್ರಾವಣವನ್ನು ಕೊಡುತ್ತಾರೆ. ಅದರಲ್ಲಿರುವ ಕ್ರೋಮಿಯಂ ಚರ್ಮಕ್ಕೂ ಶ್ವಾಸಕೋಶಕ್ಕೂ ಹಾನಿಕರ, ಕ್ಯಾನ್ಸರ್‌ಕಾರಕ. ಮಕ್ಕಳು ಓಡಾಡುವ ಮನೆಯಲ್ಲಿ, ಬಚ್ಚಲಿನಲ್ಲಿ ತೊಳೆಯುವ ಕೆಲಸದಲ್ಲಿ ಅದಕ್ಕೆ ಜಾಗವಿರಬಾರದು. ಬೆಲೆ ಹೆಚ್ಚಾದರೂ ಡಯಾಜೊ ಅಥವಾ ನೇರವಾಗಿ ಬಳಸಬಹುದಾದ ಫೋಟೋಪಾಲಿಮರ್ ಎಮಲ್ಷನ್ನನ್ನೇ ಕೇಳಿ ಪಡೆಯಿರಿ.

ಮಂದ ಹಳದಿ ಬೆಳಕಿನಲ್ಲಿ ಜಾಲರಿಗೆ ಎಮಲ್ಷನ್ ಸಮನಾಗಿ ಹಚ್ಚಿ, ಕತ್ತಲೆಯಲ್ಲಿ ಮಟ್ಟಸವಾಗಿ ಒಣಗಿಸಿ, ಗಾಢ ಕಪ್ಪಿನಲ್ಲಿ ಮುದ್ರಿಸಿದ ಪಾರದರ್ಶಕ ಹಾಳೆಯನ್ನು ಗಾಜಿನಡಿ ಒತ್ತಿಟ್ಟು ಬಿಸಿಲಿಗೆ ಹಿಡಿದರೆ, ಬೆಳಕು ಬಿದ್ದ ಕಡೆ ಪದರ ಗಟ್ಟಿಯಾಗಿ, ಕಪ್ಪು ಮುಚ್ಚಿದ ಕಡೆ ಮೃದುವಾಗಿಯೇ ಉಳಿದು ನೀರಿನಲ್ಲಿ ಕರಗಿಹೋಗುತ್ತದೆ. ಎಷ್ಟು ಹೊತ್ತು ಬಿಸಿಲಿಗಿಡಬೇಕೆಂಬುದು ಎಮಲ್ಷನ್ನನ್ನೂ ಋತುವನ್ನೂ ಅವಲಂಬಿಸಿರುವುದರಿಂದ, ಸಣ್ಣ ಚೌಕಟ್ಟೊಂದನ್ನು ರಟ್ಟಿನಿಂದ ಮುಚ್ಚಿ, ಅರ್ಧರ್ಧ ನಿಮಿಷಕ್ಕೆ ಒಂದೊಂದು ಪಟ್ಟಿಯನ್ನು ತೆರೆಯುತ್ತಾ ಪರೀಕ್ಷಿಸುವುದು ಉತ್ತಮ. ಮುಷ್ಟಿಯ ಗೆಣ್ಣುಗಳ ನಡುವಿನ ಸಣ್ಣ ಗೆರೆಗಳು ಜಾಲರಿಯಲ್ಲಿ ಒಂದೊಂದಾಗಿ ತೆರೆದುಕೊಳ್ಳುವುದನ್ನು ನಲ್ಲಿಯ ಸಣ್ಣ ಧಾರೆಯ ಕೆಳಗೆ ನೋಡುವ ಸಂತೋಷವನ್ನು ಬೇರಾವ ವಿಧಾನವೂ ಕೊಡುವುದಿಲ್ಲ.

ಬಣ್ಣವಾಗಿ ನಾವು ಬಳಸಿದ್ದು, ಬಣ್ಣವನ್ನು ಬಟ್ಟೆಗೆ ಹಿಡಿಸುವ ಬೈಂಡರ್ ಮತ್ತು ಫಿಕ್ಸರ್ ಬೆರೆಸಿದ, ನೀರು ಆಧಾರಿತ ಪಿಗ್ಮೆಂಟ್ ಪೇಸ್ಟ್. ತಿಳಿಬಣ್ಣದ ಬಟ್ಟೆಯ ಮೇಲೆ ಸ್ಕ್ವೀಜಿಯನ್ನು ಓರೆಯಾಗಿ ಹಿಡಿದು ಒಮ್ಮೆ ಎಳೆದರೆ ಸಾಕು, ಬಣ್ಣ ಎಳೆಯೊಳಗೆ ಇಳಿದು ಬಟ್ಟೆ ಮೆತ್ತಗೇ ಉಳಿಯುತ್ತದೆ. ಕಪ್ಪು ಶರ್ಟಿನ ಮೇಲೆ ಈ ಬಣ್ಣ ಕಾಣುವುದಿಲ್ಲ. ಅಲ್ಲಿ ಖಾದಿ ವೈಟ್ ಎಂದು ಮಾರುವ ಗಟ್ಟಿ ಬಿಳಿ ಪೇಸ್ಟ್ ಬೇಕು, ಅದು ಕೈಗೆ ಸ್ವಲ್ಪ ದಪ್ಪವಾಗಿಯೇ ತಗುಲುತ್ತದೆ. ನೀರು ಆಧಾರಿತ ಬಣ್ಣದ ನಿಜವಾದ ಕೊರತೆಯೆಂದರೆ ಅದು ಜಾಲರಿಯಲ್ಲೇ ಒಣಗುವುದು. ಬೇಸಿಗೆಯ ಮಧ್ಯಾಹ್ನ ಫ್ಯಾನಿನ ಕೆಳಗೆ ಕೆಲಸ ಮಾಡಿದರೆ ಕೆಲವೇ ಶರ್ಟ್‌ಗಳಲ್ಲಿ ಸಣ್ಣ ಗೆರೆಗಳು ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಒಬ್ಬರು ಎಳೆಯಲು, ಒಬ್ಬರು ಬಟ್ಟೆ ಹಾಸಲು ಮತ್ತು ತೆಗೆಯಲು, ಹೀಗೆ ಇಬ್ಬರು ಇರಲೇಬೇಕು.

ಮುದ್ರಿಸಿದ ಬಣ್ಣ ಒಣಗಿತೆಂದರೆ ಗಟ್ಟಿಯಾಯಿತೆಂದು ಅರ್ಥವಲ್ಲ. ಬೈಂಡರ್ ಬಟ್ಟೆಗೆ ಕಚ್ಚಿಕೊಳ್ಳಲು ಬಿಸಿ ಬೇಕು. ಹೀಟ್ ಪ್ರೆಸ್ ಇದ್ದವರು 150 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ನಿಮಿಷ ಒತ್ತಬಹುದು. ಇಲ್ಲದವರು ತೆಳು ಹತ್ತಿ ಬಟ್ಟೆ ಹಾಸಿ, ಹಬೆಯಿಲ್ಲದ ಇಸ್ತ್ರಿಪೆಟ್ಟಿಗೆಯನ್ನು ಆಡಿಸುತ್ತಾ, ಚಿತ್ರದ ಪ್ರತಿ ಭಾಗಕ್ಕೂ ಒಳಗಿನಿಂದ ಮತ್ತು ಹೊರಗಿನಿಂದ ಸಾವಧಾನವಾಗಿ ಕಾವು ಕೊಡಬೇಕು. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಹತ್ತದಿದ್ದರೆ ಕೆಲಸ ಮುಗಿದಂತೆ. ಒಗೆಯುವಾಗ ಒಳಮಗ್ಗುಲು ಹೊರಗೆ ತಿರುಗಿಸಿ ತಣ್ಣೀರು ಬಳಸಬೇಕು, ಕಲ್ಲಿಗೆ ಬಡಿಯಬಾರದು, ನೆರಳಿನಲ್ಲಿ ಒಣಗಿಸಬೇಕು. ಹೀಗೆ ನೋಡಿಕೊಂಡ ಶರ್ಟ್‌ಗಳಲ್ಲಿ ಕೆಮ್ಮಣ್ಣಿನ ಬಣ್ಣ ತುಸು ಮಾಗಿದೆಯೇ ಹೊರತು ಎಲ್ಲಿಯೂ ಬಿರಿದಿಲ್ಲ, ಬಟ್ಟೆ ಸವೆದ ಕಡೆಯೂ ಚಿತ್ರ ಬಟ್ಟೆಯೊಡನೆಯೇ ಸವೆದಿದೆ.

ಹತ್ತಕ್ಕಿಂತ ಕಡಿಮೆ ಶರ್ಟ್‌ಗಳು, ಅದರಲ್ಲೂ ಹಲವು ಬಣ್ಣಗಳ ಚಿತ್ರ ಬೇಕಾದವರಿಗೆ ಸ್ಕ್ರೀನ್ ತಯಾರಿಸುವ ಶ್ರಮ ದಂಡ. ಅವರು ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್, ಅಂದರೆ ಫಿಲ್ಮಿನ ಮೇಲೆ ಮುದ್ರಿಸಿ ಬಟ್ಟೆಗೆ ಒತ್ತುವ) ಹಾಳೆಗಳನ್ನು ಹೊರಗೆ ಮುದ್ರಿಸಿಕೊಂಡು ತಂದು ಮನೆಯಲ್ಲಿ ಒತ್ತಿಕೊಳ್ಳಬಹುದು. ಬಣ್ಣದ ಹಿಂದೆ ಬಿಳಿ ಪದರವೂ ಅಂಟಿನ ಪುಡಿಯೂ ಇರುವುದರಿಂದ ಅದು ಹತ್ತಿ, ಪಾಲಿಯೆಸ್ಟರ್, ಕಪ್ಪು, ಬಿಳಿ ಎಲ್ಲದರ ಮೇಲೂ ಕೂರುತ್ತದೆ. ದೊಡ್ಡ ಚಿತ್ರವಾದರೆ ವಿನೈಲ್‌ನಂತೆಯೇ ಬೆವರನ್ನು ತಡೆಯುತ್ತದಾದ್ದರಿಂದ ಎದೆಯ ಸಣ್ಣ ಲಾಂಛನಕ್ಕೆ ಮಾತ್ರ ಸೀಮಿತಗೊಳಿಸುವುದು ಲೇಸು. ಪ್ರತಿ ವರ್ಷ ಹೊಸ ಮಕ್ಕಳು ಸೇರುವ ತರಗತಿಗಳು ಮಾತ್ರ ಸ್ಕ್ರೀನನ್ನೇ ಮಾಡಿಸಿಕೊಳ್ಳಲಿ. ಬಳಸಿದ ದಿನವೇ ಬಣ್ಣವನ್ನು ಪೂರ್ತಿ ತೊಳೆದು, ಎಮಲ್ಷನ್ ಪದರವನ್ನು ಕೀಳದೆ ಹಾಗೆಯೇ ಇಟ್ಟರೆ ಅದೇ ಚೌಕಟ್ಟಿನಿಂದ ಮುಂದಿನ ಜೂನ್‌ನಲ್ಲಿ ಸೇರುವ ಮಕ್ಕಳಿಗೂ ಮುದ್ರಿಸಬಹುದು, ಆಗ ತಗಲುವ ಖರ್ಚು ಬಟ್ಟೆ ಮತ್ತು ಬಣ್ಣದ್ದು ಮಾತ್ರ.