ಟೊಳ್ಳು ಕತ್ತು, ಗಟ್ಟಿ ಕತ್ತು: ಕೈಯಾರೆ ಕಟ್ಟಿದ ಎರಡು ಲ್ಯಾಪ್ ಸ್ಟೀಲ್ ಗಿಟಾರ್‌ಗಳು

ಎರಡೂ ವಾದ್ಯಗಳ ಮೇಲ್ಹಲಗೆಯನ್ನು ಒಂದೇ ಸ್ಪ್ರೂಸ್ ಮರದ ತುಂಡಿನಿಂದ ಸೀಳಿ, 2.8 ಮಿ.ಮೀ. ದಪ್ಪಕ್ಕೆ ಕೀಸಿದ್ದೇನೆ. ಪಕ್ಕಪಟ್ಟಿ ಮತ್ತು ಹಿಂಬದಿ ಎರಡರಲ್ಲೂ ಮಹಾಗನಿ. ತಲೆಯ ಬಳಿ ತಂತಿಗಳನ್ನು ಹೊರುವ ಪಟ್ಟಿಯಾದ ನಟ್‌ನಿಂದ ಒಡಲಿನ ಮೇಲೆ ಅವುಗಳನ್ನು ಹೊರುವ ಕುದುರೆಯವರೆಗಿನ ತಂತಿಯ ಉದ್ದ ಎರಡರಲ್ಲೂ 635 ಮಿ.ಮೀ., ಒಡಲಿನ ಆಳ 75 ಮಿ.ಮೀ., ಮೇಲ್ಹಲಗೆಯ ಒಳಗೆ ಗುಣಾಕಾರ ಚಿಹ್ನೆಯಂತೆ ಹೆಣೆದ ಆಧಾರಪಟ್ಟಿಗಳು. ಬೇಕೆಂದೇ ಬೇರೆ ಮಾಡಿದ್ದು ಕತ್ತನ್ನು ಮಾತ್ರ. ಒಂದರದು ಗಟ್ಟಿ ಮರದ ಚೌಕ ಕತ್ತು, ಇನ್ನೊಂದರದು ಒಡಲಿನ ಜೊತೆಗೇ ಬಿರಡೆಗಳವರೆಗೆ ಚಾಚಿದ ಟೊಳ್ಳು ಕತ್ತು. ಯಾವುದನ್ನು ಕಟ್ಟಬೇಕು ಎಂದು ಓದಿ ತಿಳಿಯಲು ನಾನು ಬಹಳ ದಿನ ಒದ್ದಾಡಿದೆ. ಕೊನೆಗೆ ಎರಡನ್ನೂ ಕಟ್ಟಿಯೇ ನೋಡಿದೆ.

ಈ ವಾದ್ಯದ ಪರಿಚಯವಿಲ್ಲದವರು ಗೋಟುವಾದ್ಯವನ್ನು ನೆನಪಿಸಿಕೊಳ್ಳಬಹುದು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಎಡಗೈಯಲ್ಲಿ ಹಿಡಿದ ಉಕ್ಕಿನ ಗುಂಡನ್ನು ತಂತಿಗಳ ಮೇಲೆ ಜಾರಿಸಿ ನುಡಿಸುವುದು ಇದರ ಕ್ರಮ. ಬೆರಳು ತಂತಿಯನ್ನು ಹಲಗೆಗೆ ಒತ್ತುವುದೇ ಇಲ್ಲ. ಹವ್ಯಾಸಕ್ಕೆ ವಾದ್ಯ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ವರವಿಲ್ಲ. ಕತ್ತಿನ ಮೇಲೆ ಸ್ವರಸ್ಥಾನ ಗುರುತಿಸುವ ಲೋಹದ ಮೆಟ್ಟಿಲುಗಳನ್ನು (ಫ್ರೆಟ್) ಬಡಿದು ಸಮತಟ್ಟು ಮಾಡುವ ಕೆಲಸವಿಲ್ಲ, ಕತ್ತನ್ನು ಅಂಗೈಗೆ ಹೊಂದುವಂತೆ ದುಂಡಾಗಿಸಬೇಕಿಲ್ಲ, ಅದರೊಳಗೆ ಉಕ್ಕಿನ ಸರಳು ಹೂಳಬೇಕಿಲ್ಲ. ಒತ್ತಿದಾಗ ತಂತಿ ಬಿಗಿಯಾಗಿ ಶ್ರುತಿ ಏರುವ ಸಮಸ್ಯೆಯೂ ಇಲ್ಲವಾದ್ದರಿಂದ ಕುದುರೆಯ ಮೇಲಿನ ಎಲುಬಿನ ಪಟ್ಟಿಯನ್ನು ಓರೆಯಾಗಿ ಕೂರಿಸದೆ ನೇರವಾಗಿಯೇ ಇಡಬಹುದು. ಮೆಟ್ಟಿಲುಗಳೆಂದರೆ ಕಣ್ಣಿಗೆ ದಾರಿ ತೋರುವ ಗೆರೆಗಳು ಮಾತ್ರ. ನಟ್‌ನಿಂದ ಮೊದಲನೆಯದು 35.6, ಐದನೆಯದು 159.3, ಏಳನೆಯದು 211.2, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, ಅಂದರೆ 317.5 ಮಿ.ಮೀ. ದೂರದಲ್ಲಿ. ತೆಳು ಬಿಳಿ ಮರದ ಎಳೆಗಳನ್ನು ಗರಗಸದ ಗೀರಿನಲ್ಲಿ ಕೂರಿಸಿ ಕೀಸಿದರೆ ಮುಗಿಯಿತು.

ಮೂರನೆಯ ದಾರಿಯೊಂದಿದೆ, ಅದನ್ನೂ ಬಿಟ್ಟಿಲ್ಲ. ಸಾಧಾರಣ ಗಿಟಾರಿನ ನಟ್ ಮೇಲೆ ಲೋಹದ ಎತ್ತರದ ತೊಡಿಕೆಯೊಂದನ್ನು ಹಾಕಿ ತಂತಿಗಳನ್ನು ಮೇಲೆತ್ತುವುದು. ಹತ್ತು ನಿಮಿಷದ ಕೆಲಸ. ಆದರೆ ತಂತಿಗಳು ನಟ್ ಬಳಿ ಎತ್ತರವಾಗಿ, ಕುದುರೆಯ ಕಡೆಗೆ ಇಳಿಜಾರಾಗಿರುತ್ತವೆ. ಹನ್ನೆರಡನೆಯ ಮೆಟ್ಟಿಲು ದಾಟಿದ ಮೇಲೆ ಗುಂಡು ಲೋಹದ ಮೆಟ್ಟಿಲುಗಳಿಗೆ ತಾಗಿ ಕಟಕಟ ಸದ್ದು ಮಾಡುತ್ತದೆ. ಈ ನುಡಿಸಾಣಿಕೆ ತನಗೆ ಒಗ್ಗುತ್ತದೆಯೇ ಎಂದು ನೋಡಲು ಇದು ಸಾಕು. ನಾನು ಅದರಲ್ಲಿ ಎರಡು ತಿಂಗಳು ಕಳೆದೆ, ಅದರಿಂದ ಆಚೆಗೆ ಕಲಿಯುವುದೇನೂ ಇರಲಿಲ್ಲ.

ಗಟ್ಟಿ ಕತ್ತಿನದನ್ನು ಮೊದಲು ಕಟ್ಟಿದೆ. ಐದು ವಾರಾಂತ್ಯಗಳಲ್ಲಿ ತಂತಿ ಕಟ್ಟುವ ಹಂತಕ್ಕೆ ಬಂತು. ಒಡಲು ಒಂದು ಪೆಟ್ಟಿಗೆ, ಕತ್ತು ಒಂದು ಮರದ ತೊಲೆ, ಎರಡನ್ನೂ ಎರಡು ಬೋಲ್ಟುಗಳು ಹಿಡಿದಿಡುತ್ತವೆ. ಬಿಗಿದ ಮೇಲೆ ಅಳೆದರೆ ಕತ್ತಿನ ಕೋನ ಅರ್ಧ ಡಿಗ್ರಿ ತಪ್ಪಿತ್ತು. ಅಷ್ಟರಿಂದಲೇ ಕುದುರೆಯ ಬಳಿ ಸುಮಾರು 3 ಮಿ.ಮೀ. ವ್ಯತ್ಯಾಸ. ಬೆರಳೊತ್ತಿ ನುಡಿಸುವ ಗಿಟಾರಿನಲ್ಲಿ ಇದಾಗಿದ್ದರೆ ಬಿಚ್ಚಿ ಮತ್ತೆ ಕೂಡಿಸಬೇಕಿತ್ತು. ಇಲ್ಲಿ ಎಲುಬಿನ ಪಟ್ಟಿಯನ್ನು ಅಷ್ಟೇ ಎತ್ತರಿಸಿದೆ, ವಾದ್ಯ ಏನೂ ಆಗದಂತೆ ನುಡಿಯಿತು. ತಂತಿಗಳು ಹೇಗೂ ಹಲಗೆಯಿಂದ 10 ಮಿ.ಮೀ. ಮೇಲೇ ತೇಲುತ್ತಿರುತ್ತವಲ್ಲ. ಈ ಕ್ಷಮಾಗುಣಕ್ಕಾಗಿಯೇ ಗಟ್ಟಿ ಕತ್ತಿನ ವಿನ್ಯಾಸವನ್ನು ಹೊಸಬರಿಗೆ ನಾನು ಮನಸಾರೆ ಹೇಳುತ್ತೇನೆ.

ಟೊಳ್ಳು ಕತ್ತಿನ ಕಥೆಯೇ ಬೇರೆ. ಉಕ್ಕು ಜಾರಿಸಿ ನುಡಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿಯಲ್ಲಿ ಬೆಳೆಯಿತು. ಓಅಹು ದ್ವೀಪದ ಜೋಸೆಫ್ ಕೆಕುಕು ಅದನ್ನು ರೂಪಿಸಿದವರೆಂದು ಹೆಸರಾದವರು. ಆಮೇಲೆ ಅಮೆರಿಕದ ಮುಖ್ಯಭೂಮಿಯಲ್ಲಿ ಹವಾಯಿ ಸಂಗೀತದ ಅಲೆ ಎದ್ದಾಗ ಕ್ರಿಸ್ ಕ್ನುಟ್ಸನ್, ಲಾಸ್ ಏಂಜಲೀಸಿನ ಹರ್ಮನ್ ವೈಸೆನ್‌ಬಾರ್ನ್ ಮುಂತಾದ ಕುಶಲಕರ್ಮಿಗಳು ಕತ್ತನ್ನೂ ಟೊಳ್ಳು ಮಾಡಿ ಕೋಆ ಮರದಲ್ಲಿ ಇಂಥ ಗಿಟಾರ್‌ಗಳನ್ನು ಕಟ್ಟಿದರು. ವಿದ್ಯುತ್ ವರ್ಧಕವಿಲ್ಲದ ಕಾಲ ಅದು. ಕತ್ತನ್ನು ಹಿಡಿಯುವ ಅಗತ್ಯವೇ ಇಲ್ಲವೆಂದ ಮೇಲೆ ಅದರೊಳಗೂ ಗಾಳಿ ತುಂಬಿ ನಾದವನ್ನು ಹಿಗ್ಗಿಸಬಾರದೇಕೆ ಎನ್ನುವುದು ಸಹಜವಾದ ಯೋಚನೆ. 1927ರ ಸುಮಾರಿಗೆ ಲೋಹದ ಶಂಕುವಿರುವ ರೆಸೊನೇಟರ್ ಗಿಟಾರ್, 1930ರ ದಶಕದ ಆರಂಭದಲ್ಲಿ ವಿದ್ಯುತ್ ಲ್ಯಾಪ್ ಸ್ಟೀಲ್ ಬಂದು ಜೋರು ಸದ್ದಿನ ಬೇಡಿಕೆಯನ್ನು ತೀರಿಸಿದವು, ಟೊಳ್ಳು ಕತ್ತು ಹಿಂದೆ ಸರಿಯಿತು.

ಕಟ್ಟುವಾಗ ಕಷ್ಟವೆಲ್ಲ ಪಕ್ಕಪಟ್ಟಿಯಲ್ಲಿದೆ. ಬುಡದಿಂದ ತಲೆಯವರೆಗೆ ಒಂದೇ ಪಟ್ಟಿ, ಹತ್ತಿರ ಹತ್ತಿರ ಒಂದು ಮೀಟರ್ ಉದ್ದ. ಮರದ ಎಳೆ ಅಷ್ಟುದ್ದಕ್ಕೂ ನೇರವಾಗಿರಬೇಕು. ಕಾದ ಕೊಳವೆಯ ಮೇಲೆ ಒದ್ದೆ ಪಟ್ಟಿಯನ್ನು ಒತ್ತಿ ಬಗ್ಗಿಸುವಾಗ ಸೊಂಟದ ತಿರುವಿನಲ್ಲಿ ನನ್ನ ಮೊದಲ ಪಟ್ಟಿ ಟಪ್ಪನೆ ಸೀಳಿತು. ದಪ್ಪ 2.4 ಮಿ.ಮೀ. ಇತ್ತು. ಎರಡನೆಯದನ್ನು 2 ಮಿ.ಮೀ.ಗೆ ಇಳಿಸಿದೆ, ಒತ್ತುವ ಬದಲು ಕಾದೆ. ಮರ ತಾನಾಗಿ ಸಡಿಲಗೊಳ್ಳುವ ಒಂದು ಕ್ಷಣವಿದೆ, ಬಿಗಿದ ಮುಷ್ಟಿ ಬಿಡಿಸಿದಂತೆ ಅದು ಅಂಗೈಗೆ ತಿಳಿಯುತ್ತದೆ. ಆ ಕ್ಷಣ ಸಿಕ್ಕ ಮೇಲೆ ಉಳಿದ ಪಟ್ಟಿ ಒಂದೇ ಸಂಜೆಯಲ್ಲಿ ಬಗ್ಗಿತು. ಆದರೆ ಸೊಂಟದಿಂದ ಕತ್ತಿಗೆ ಹೊರಳುವ ಉದ್ದನೆಯ ಇಳಿಜಾರನ್ನು ಎರಡೂ ಬದಿಯಲ್ಲಿ ಒಂದೇ ತೆರನಾಗಿ ತರಲು ಇನ್ನೂ ಮೂರು ವಾರಾಂತ್ಯ ಬೇಕಾಯಿತು. ಒಟ್ಟು ಹನ್ನೊಂದು. ಇದರ ಬದಲಿಗೆ ಒಂದು ಅನುಕೂಲ: ಕತ್ತು ಮತ್ತು ಒಡಲು ಕೂಡುವ ಜೋಡಣೆಯೇ ಇಲ್ಲ, ಆದ್ದರಿಂದ ಕೋನ ತಪ್ಪುವ ಮಾತೂ ಇಲ್ಲ. ಮುಗಿದಾಗ ತೂಕ 1.7 ಕಿಲೋ. ಗಟ್ಟಿ ಕತ್ತಿನದು 2.4.

ಇನ್ನು ನಾದ. ಎರಡಕ್ಕೂ ಒಂದೇ ಬಗೆಯ ಹೊಸ ತಂತಿಗಳನ್ನು ಕಟ್ಟಿ, ಮೂರು ದಿನ ಹಿಗ್ಗಲು ಬಿಟ್ಟು, ಒಂದೇ ಕೋಣೆಯಲ್ಲಿ, ಒಂದೇ ಗುಂಡಿನಿಂದ ನುಡಿಸಿದೆ. ಶ್ರುತಿ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ನಮ್ಮ ಲೆಕ್ಕದಲ್ಲಿ ಸ ಪ ಸ ಗ ಪ ಸ. ಮಂದ್ರ ಷಡ್ಜವನ್ನು ಮೀಟಿದ ಕೂಡಲೇ ವ್ಯತ್ಯಾಸ ಎದೆಗೆ ತಾಗಿತು. ಟೊಳ್ಳು ಕತ್ತಿನಲ್ಲಿ ಸ್ವರ ಹುಟ್ಟಿದ ಮೇಲೆ ಅರಳುತ್ತದೆ, ತೊಡೆಯಿಂದ ಮೊಣಕೈಯವರೆಗೆ ಮರ ಕಂಪಿಸುತ್ತದೆ. ಗಟ್ಟಿ ಕತ್ತಿನಲ್ಲಿ ಅದೇ ಸ್ವರ ಚೊಕ್ಕವಾಗಿ ಎದುರಿಗೆ ನಿಲ್ಲುತ್ತದೆ, ಅರಳುವುದಿಲ್ಲ. ಆದರೆ ಹನ್ನೆರಡನೆಯ ಗೆರೆಯ ಮೇಲೆ ಗುಂಡಿಟ್ಟು ತೆಳು ತಂತಿಯನ್ನು ಮೀಟಿದರೆ ಮೇಲುಗೈ ಗಟ್ಟಿ ಕತ್ತಿನದು. ಅಲ್ಲಿ ನಾದ ನನ್ನ ಗಡಿಯಾರದಲ್ಲಿ ಒಂಬತ್ತು ಸೆಕೆಂಡು ಉಳಿಯಿತು, ಟೊಳ್ಳಿನಲ್ಲಿ ಆರು. ತಂತಿಯ ಶಕ್ತಿಯನ್ನು ಹಗುರವಾದ ಒಡಲು ಬೇಗ ಬೇಗ ಸದ್ದಾಗಿ ಹೊರಚೆಲ್ಲುತ್ತದೆ, ಭಾರದ ಕತ್ತು ಹಿಡಿದು ಹಿಡಿದು ಬಿಡುತ್ತದೆ. ಎಲ್ಲ ಶ್ರೇಯವೂ ಕತ್ತಿಗೇ ಸಲ್ಲುವುದಿಲ್ಲ. ಟೊಳ್ಳು ಕತ್ತಿನ ವಾದ್ಯದ ಒಳಗೆ ಗಾಳಿಯೂ ಹೆಚ್ಚು, ಎರಡು ಒಡಲುಗಳ ಅಂಚಿನ ರೇಖೆಯೂ ಒಂದೇ ಅಲ್ಲ.

ಗುಂಡಿನ ವಿಷಯ ಇಲ್ಲಿ ಹೇಳದೆ ಇರಲಾರೆ. ಹಗುರ ಗುಂಡಿನ ಬದಲು ದಪ್ಪ ಉಕ್ಕಿನದನ್ನು ಹಿಡಿದಾಗ ಎರಡೂ ವಾದ್ಯಗಳ ನಾದ ಉದ್ದವಾಯಿತು, ತೆಳು ತಂತಿಯ ಕಿರಿಕಿರಿ ಕಡಿಮೆಯಾಯಿತು. ಮರದ ಬಗ್ಗೆ ಗಂಟೆಗಟ್ಟಲೆ ಚಿಂತಿಸುವವರು ಮೊದಲು ಕೈಯಲ್ಲಿರುವ ಗುಂಡನ್ನು ಬದಲಿಸಿ ನೋಡಲಿ.

ಒಂದು ವಿಷಯದಲ್ಲಿ ಮಾತ್ರ ಇವೆರಡನ್ನು ಅದಲುಬದಲು ಮಾಡುವಂತಿಲ್ಲ. ಡಿ ಶ್ರುತಿಯಲ್ಲಿ ಈ ದಪ್ಪದ ತಂತಿಗಳ ಒಟ್ಟು ಸೆಳೆತ ಸುಮಾರು 70 ಕಿಲೋ. ರೆಸೊನೇಟರ್ ನುಡಿಸುವವರು ಇಷ್ಟಪಡುವ ಜಿ, ಬಿ, ಡಿ, ಜಿ, ಬಿ, ಡಿ ಶ್ರುತಿಯಲ್ಲಿ, ಅಂದರೆ ಸ ಗ ಪ ಸ ಗ ಪದಲ್ಲಿ, ಕೆಳಗಿನ ತಂತಿಗಳನ್ನು ಬಹಳ ಮೇಲಕ್ಕೆ ಎಳೆಯಬೇಕು. ಗಟ್ಟಿ ಕತ್ತು ಅದನ್ನು ಅಲುಗದೆ ಹೊತ್ತಿತು, ಅಲ್ಲಿ ಅದರ ದನಿಯೂ ಹೊಳೆಯಿತು. ಟೊಳ್ಳಿನದನ್ನು ಅದೇ ಶ್ರುತಿಗೆ ಏರಿಸಿದ ಮರುದಿನ ಕುದುರೆಯ ಹಿಂದೆ ಮೇಲ್ಹಲಗೆ ಉಬ್ಬಿತ್ತು, ತಲೆಯ ಬಳಿ ಪಕ್ಕಪಟ್ಟಿಯ ಅಂಟು ಕೂದಲೆಳೆಯಷ್ಟು ಬಿಟ್ಟಿತ್ತು. ತಕ್ಷಣ ತಂತಿ ಸಡಿಲಿಸಿ, ಬಿಸಿ ಚರ್ಮದ ಅಂಟು ತುಂಬಿ ಎರಡು ದಿನ ಕ್ಲ್ಯಾಂಪ್ ಹಾಕಿಟ್ಟೆ. ಅಲ್ಲಿ ನಾನು ಮೊದಲು ಬಳಸಿದ್ದು ಬಿಳಿ ಅಂಟು. ಎಡೆಬಿಡದ ಸೆಳೆತಕ್ಕೆ ಅದು ನಿಧಾನವಾಗಿ ಜರುಗುತ್ತದೆ. ಚರ್ಮದ ಅಂಟು ಒಣಗಿ ಗಾಜಿನಂತೆ ಗಟ್ಟಿಯಾಗುತ್ತದೆ, ಮುಂದೆ ಬಿಚ್ಚಬೇಕಾದರೆ ಬಿಸಿ ಮತ್ತು ತೇವಕ್ಕೆ ಬಿಡುತ್ತದೆ.

ಸಲಕರಣೆ ಕಡಿಮೆ ಇರುವವರು, ಶ್ರುತಿ ಬದಲಿಸುತ್ತಾ ನುಡಿಸುವವರು, ಬೇರೆ ವಾದ್ಯಗಳ ನಡುವೆ ತಮ್ಮ ಸ್ವರ ಸ್ಪಷ್ಟವಾಗಿ ಕೇಳಬೇಕೆನ್ನುವವರು ಗಟ್ಟಿ ಕತ್ತನ್ನು ಕಟ್ಟಲಿ. ಒಬ್ಬರೇ ಕುಳಿತು ನಿಧಾನ ಗತಿಯಲ್ಲಿ ನುಡಿಸುವವರಿಗೆ ನನ್ನ ಮತ ಟೊಳ್ಳು ಕತ್ತಿಗೇ. ಸಂಜೆ ಕೆಲಸ ಮುಗಿಸಿ ಕುಳಿತಾಗ ನನ್ನ ಕೈ ಹೋಗುವುದೂ ಅದರ ಕಡೆಗೆ. ಅದೇ ವಿನ್ಯಾಸದ ಇನ್ನೊಂದಕ್ಕೆ ಪಕ್ಕಪಟ್ಟಿಗಳನ್ನು ಕೀಸಿ ಇಟ್ಟಿದ್ದೇನೆ. ಈ ಬಾರಿ ತಲೆಯ ಬಳಿಯ ಒಳತುಂಡನ್ನು 40 ಮಿ.ಮೀ. ಉದ್ದ ಮಾಡುತ್ತೇನೆ, ಅಂಟು ಹಿಡಿಯಲು ಅಲ್ಲಿ ಇನ್ನಷ್ಟು ಜಾಗ ಬೇಕು.